ಮೊದಲ ಮನೆಯ ಹಳದಿ

"ದೀಪ ಆರಸ್ರಿ ಸರ್," ಎಂದೆ.

ಡಾ. ಮನೋಹರ ಕಟ್ಟಿ ಗೊಣಗುತ್ತಲೇ ಸ್ವಿಚ್ಚು ಒತ್ತಿದರು. ಹೊರಗೆ ಹನ್ನೊಂದು ಗಂಟೆಯ ಬಿಸಿಲು ಸುಡುತ್ತಿತ್ತು, ಕಿಟಕಿಯಿಲ್ಲದ ಆ ಕೋಣೆ ಮಾತ್ರ ಕಗ್ಗತ್ತಲಾಯಿತು. ಖೋಟಾ ನೋಟು ಹಿಡಿಯುವ ನೇರಳೆ ಟಾರ್ಚನ್ನು ಸೂಕ್ಷ್ಮದರ್ಶಕದ ಕೆಳಗಿದ್ದ ಪಟ್ಟಿಯತ್ತ ತಿರುಗಿಸಿ ಕಣ್ಣಿಟ್ಟೆ.

ಬೆರಳುದ್ದದ ಕಪ್ಪು ಪಟ್ಟಿ. ಅದರ ಮೇಲೆ ಪಗಡೆ ಹಾಸಿನ ಹಾಗೆ ಮೂವತ್ತೆರಡು ಮನೆ. ಮನೆಗೊಂದು ಕಣ, ಕಣದ ಬುಡದಲ್ಲಿ ಒಂದಿಷ್ಟು ಅಂಟು. ಹದಿನೈದು ದಿನದಿಂದ ಎಲ್ಲರೂ ಕಣಗಳನ್ನೇ ನೋಡಿದ್ದರು, ಅಂಟನ್ನು ಯಾರೂ ನೋಡಿರಲಿಲ್ಲ. ಮೂವತ್ತು ವರ್ಷ ಪುಣೆ ಪೊಲೀಸ್ ಖಾತೆಯಲ್ಲಿ ಸವೆದು ನಿವೃತ್ತಳಾದ ಹೆಡ್ ಕಾನ್‌ಸ್ಟೇಬಲ್ ಕೃಷ್ಣಾಬಾಯಿ, ಅಂದರೆ ನಾನು, ನಾನೂ ನೋಡಿರಲಿಲ್ಲ. ನನ್ನ ತಲೆಗೆ ನಾನೇ ಮೊಟಕಿಕೊಳ್ಳಬೇಕು.

ಒಂದನೇ ಮನೆಯ ಅಂಟಿನೊಳಗೆ ಏನೋ ಹಸಿರುಹಳದಿಯಾಗಿ ಮಿನುಗಿತು.

ಎರಡನೆಯದು ಕಪ್ಪು. ಮೂರನೆಯದೂ ಕಪ್ಪು. ಪಟ್ಟಿಯನ್ನು ಮೂವತ್ತೆರಡನೇ ಮನೆಯವರೆಗೂ ಸರಿಸಿದೆ. ಮತ್ತೆಲ್ಲೂ ಮಿನುಗಲಿಲ್ಲ.

ಅಂಟಾರ್ಕ್ಟಿಕಾದ ಹಿಮ ಕರಗಿಸಿ, ಸೋಸಿ, ಆರಿಸಿ ಕೂರಿಸಿದ್ದ, ಆಕಾಶದಿಂದ ಬಿದ್ದ ಮೂವತ್ತೆರಡು ಉಲ್ಕಾಕಣಗಳ ಪಟ್ಟಿಯನ್ನೇ ಯಾರೋ ಎತ್ತಿ, ವೆಲ್ಡಿಂಗ್ ಕಿಡಿಯ ಗುಂಡುಗಳನ್ನು ಅಂಟಿಸಿದ ನಕಲಿ ಪಟ್ಟಿಯನ್ನು ಅಲ್ಲಿಟ್ಟಿದ್ದರು. ಕಳವಿನ ಆರೋಪ ಕಣ ಆರಿಸುವ ಹುಡುಗಿ ಭುವನೇಶ್ವರಿಯ ಮೇಲೆ ಬಿದ್ದಿತ್ತು.

ಇಂದು ಸಂಜೆ ನಾಲ್ಕಕ್ಕೆ ಇದೇ ಪ್ರಯೋಗಾಲಯದಲ್ಲಿ ಅವಳ ವಿಚಾರಣೆ. ಅಲ್ಲಿ ತಪ್ಪಿತಸ್ಥೆ ಎಂದರೆ ಅಲ್ಲಿಂದ ನೇರ ಪೊಲೀಸ್ ಠಾಣೆ.

ಕಟ್ಟಿಯವರು ಬಾಗಿ ನೋಡಿದರು. "ಅರಿಶಿಣ ಅಲ್ಲೇನ್ರಿ ಇದು? ನಾಷ್ಟಾ ಮಾಡಿ ಕೈ ತೊಳೀಲಾರದ ಬಂದಾಳ ಹುಡುಗಿ. ಇನ್ನೊಂದು ಪುರಾವೆ ಸಿಕ್ಕಂಗಾತು."

"ಕೈ ತೊಳೀಲಿಲ್ಲ ಅಂದ್ರ ಮೂವತ್ತೆರಡೂ ಮನ್ಯಾಗ ಇರಬೇಕಾಗಿತ್ತಲ್ರಿ. ಒಂದರಾಗ ಅಷ್ಟ ಯಾಕ?"

ಅವರು ಮತ್ತೊಮ್ಮೆ ಬಾಗಿ ನೋಡಿದರು.

"ಆಕಿ ಗೇಟಿನ್ಯಾಗ ಕುಂಕುಮಾ ಸುದ್ದಾ ತೊಳಕೊಂಡು ಒಳಗ ಬರಾಕಿ. ಅದಕ್ಕ ದಿನಾ ಅವ್ವನ ಕಡೆ ಬೈಸ್ಕೋತಾಳ. 'ಹಣಿ ಬೋಳ ಮಾಡ್ಕೊಂಡು ದುಡ್ಯೂವಂಥಾದ್ದು ಏನದ ಆ ಧೂಳಾಗ' ಅಂತ ಸಾಬವ್ವ ನನ್ನ ಮುಂದನ ಜಗಳಾ ತಗದಿದ್ಲು. ಅಂಥಾಕಿ ಅರಿಶಿಣದ ಕೈ ತರ್ತಾಳೇನ್ರಿ?"

"ಕೃಷ್ಣಾಬಾಯಿ, ಕೂದಲಿನಷ್ಟು ದಪ್ಪ ಇರ್ತದ ಒಂದೊಂದು ಕಣ. ಅದನ್ನ ಬ್ರಷ್ಷಿನ ತುದೀಲೆ ಎತ್ತಿ ಮನಿ ನಟ್ಟನಡುವ ಕೂಡಸೂ ಕೈ ಇಡೀ ಲ್ಯಾಬಿನ್ಯಾಗ ಆಕೀದೊಂದ. ನನಗೂ ಬರೂದಿಲ್ಲ, ಹಿಮಾ ಕೊಯ್ಯೂ ಮಾಂತುಗೂ ಬರೂದಿಲ್ಲ." ಅವರ ದನಿ ಸ್ವಲ್ಪ ಇಳಿಯಿತು. "ನನಗೂ ಕೆಟ್ಟ ಅನಸ್ತದ್ರಿ. ಬರೂ ತಿಂಗಳ ಒಂದ ಕಾಯಂ ಹುದ್ದೆ ಇತ್ತು, ಆಕಿ ಹೆಸರ ಮೊದಲ ಬರದಿದ್ದೆ. ಇವತ್ತ ತಪ್ಪು ಸಾಬೀತಾದ್ರ ಅದು ಮಾಂತುಗ ಹೋಗ್ತದ."

ಕೈ ಚಳಕವೇ ಅವಳ ವಿರುದ್ಧ ಸಾಕ್ಷಿ. ಚಂದ ಹಾಡುವವಳನ್ನೇ ಹಿಡಿದು, ಗದ್ದಲ ಮಾಡಿದವಳು ನೀನೇ ಎಂದ ಹಾಗೆ.

ಮೊದಲ ಮನೆ. ಮೊದಲ ಮನೆ ಮಾತ್ರ. ಕೆಲಸ ಶುರು ಮಾಡುವಾಗ ಉಪಕರಣಕ್ಕೆ ಹತ್ತಿದ್ದು ಮೊದಲ ಕಣದ ಜೊತೆಗೇ ಇಳಿದಿದೆ. ಎರಡನೆಯದಕ್ಕೆ ಉಳಿದಿಲ್ಲ.

ಟಾರ್ಚು ಇನ್ನೂ ಉರಿಯುತ್ತಿತ್ತು. ಟೈಮು ನೋಡಲೆಂದು ಮಣಿಕಟ್ಟು ತಿರುಗಿಸಿದೆ. ನನ್ನ ಕೈಗಡಿಯಾರದ ಗಾಜಿನ ಅಂಚಿನಲ್ಲಿ ಅದೇ ಹಸಿರುಹಳದಿ ಗೆರೆ ಮಿನುಗಿತು.

ಮಣಿಕಟ್ಟನ್ನು ಸೆರಗಿನೊಳಗೆ ಮುಚ್ಚಿಕೊಂಡೆ.

"ಏನಾತ್ರಿ?" ಎಂದರು ಕಟ್ಟಿ.

"ಏನಿಲ್ರಿ. ನಾಲ್ಕರ ತನಕಾ ಈ ಪಟ್ಟಿ ಯಾರ ಕೈಗೂ ಕೊಡಬ್ಯಾಡ್ರಿ." ಪಟ್ಟಿಯ ಫೋಟೊ ಹೊಡೆದುಕೊಂಡು ಹೊರಬಿದ್ದೆ.

ಶಿವಾಜಿನಗರದಲ್ಲಿ ಕಾದು ಕಾದು, ಒಂದರ ಮೇಲೆ ಬಂದ ಲೋನಾವಳ ಲೋಕಲ್ ಹಿಡಿದೆ. ತಳೇಗಾಂವ ದಾಭಾಡೆಗೆ ಟಿಕೆಟ್ ತೆಗೆಸುವಾಗಲೂ ನನ್ನ ಊಹೆ ಸುಳ್ಳಾಗಲಿ ಎಂದೇ ಬೇಡಿಕೊಳ್ಳುತ್ತಿದ್ದೆ.

ಈ ಗಡಿಯಾರ ನನ್ನ ಗಂಡ ಈರಬಸಪ್ಪನದು. ಇಪ್ಪತ್ತು ವರ್ಷದ ಹಿಂದೆ ಕಾತ್ರಜ ಘಾಟಿನಲ್ಲಿ ಅವನ ಬಸ್ಸು ಉರುಳಿದಾಗ ಅವನೂ ನಿಂತ, ಗಡಿಯಾರವೂ ನಿಂತಿತು. ಸ್ವಾರಗೇಟಿನಲ್ಲಿ ಒಂದು ಗೂಡಂಗಡಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ನಮ್ಮ ವಿಜಯಪುರ ಕಡೆಯ ಮುರುಗೆಪ್ಪ ಅದನ್ನು ನಡೆಯುವಂತೆ ಮಾಡಿಕೊಟ್ಟ. ಮುಟ್ಟುವ ಮುಂಚೆ ಚಿಮಟಿಗೆ ಒಂದು ಚಿಟಿಕೆ ಭಂಡಾರ ಹಚ್ಚಿದ್ದ. ಭಂಡಾರ ಎಂದರೆ ಅವನ ಮನೆದೇವರು ಮೈಲಾರಲಿಂಗನ ಅರಿಶಿನ ಪುಡಿ. ಆ ಹಳದಿ ಗಾಜಿನ ಅಂಚಿನಲ್ಲಿ ಉಳಿದುಬಿಟ್ಟಿತು, ನಾನೂ ಕೆದಕಲಿಲ್ಲ.

ಆ ವರ್ಷ ನಾಗರ ಪಂಚಮಿಗೆ ತವರಿನಿಂದ ಯಾರೂ ನನ್ನನ್ನು ಕರೆಯಲು ಬರಲಿಲ್ಲ. ಬಂದವನು ಮುರುಗೆಪ್ಪ, ಶೇಂಗಾ ಉಂಡಿಯ ಡಬ್ಬಿ ಹಿಡಿದುಕೊಂಡು. "ಇವತ್ತಿಂದ ನಾ ನಿನ್ನ ಅಣ್ಣ" ಎಂದ. ಆಮೇಲೆ ಗೂಡಂಗಡಿ ಬಿಟ್ಟು ತಳೇಗಾಂವದಲ್ಲಿ ವೆಲ್ಡಿಂಗ್ ಶೆಡ್ಡು ಹಾಕಿದ. ಪ್ರಯೋಗಾಲಯದಲ್ಲಿ ಹಿಮ ಕರಗಿಸುವ ತೊಟ್ಟಿ ಮಾಡಿಕೊಟ್ಟವನೂ ಅವನೇ.

ಹಿಂಜವಾಡಿಯ ಕಟ್ಟಡವೊಂದರಿಂದ ಬಿದ್ದು ಹುಸೇನಪ್ಪ ಸತ್ತಾಗ, ಅವನ ಮಗಳು ಭುವನೇಶ್ವರಿಯನ್ನು ಓದಿಸಿದವನು ಮುರುಗೆಪ್ಪ. ತನ್ನ ಮಗ ಮಾಂತು ಇದ್ದ ಲ್ಯಾಬಿಗೇ ಅವಳನ್ನೂ ಸೇರಿಸಿದವನು ಅವನು. ಹತ್ತು ದಿನದ ಹಿಂದೆ ನನ್ನ ಮನೆಗೆ ಬಂದು, "ತಂಗಿ, ಹುಡುಗೀನ ಉಳಸಿಕೊಡು" ಎಂದು ಕಣ್ಣೊರೆಸಿಕೊಂಡವನೂ ಅವನೇ. ಕಿಡಿ ಹಾರಿ ಆರಿದರೆ ಹೇಗೆ ಗುಂಡಗಾಗುತ್ತದೆ, ಇಂಥ ಶೆಡ್ಡುಗಳು ಇಲ್ಲಿ ಸಾವಿರ ಇವೆ ಎಂದು ನನಗೆ ಪಾಠ ಹೇಳಿದವನೂ ಅವನೇ. ಸಾವಿರದಲ್ಲಿ ಅವನದೂ ಒಂದು ಎಂದು ನನಗೆ ಹೊಳೆಯಲೇ ಇಲ್ಲ. ಅಣ್ಣನಲ್ಲವೇ!

ಸಸ್ಪೆಂಡ್ ಆದಂದಿನಿಂದ ಭುವನೇಶ್ವರಿ ಬಿಬವೇವಾಡಿಯ ನನ್ನ ಮನೆಯಲ್ಲೇ ಇದ್ದಳು. ಇವತ್ತು ಬೆಳಗ್ಗೆ ಹೊರಡುವಾಗ ಅವಳಿಗೆ ಹೇಳಿ ಬಂದಿದ್ದೆ: "ಏನರ ಬೇಕಾದ್ರ ಮುರುಗೆಪ್ಪ ಕಾಕಾಗ ಫೋನ್ ಹಚ್ಚು. ಅವಾ ಹೇಳಿದಂಗ ಕೇಳು, ನಿನಗ ತಂದಿ ಇದ್ದಂಗ ಅವಾ."

ದೇಹೂರೋಡ್ ದಾಟುತ್ತಿದ್ದಂತೆ ಗಡಿಯಾರದ ಕೀಲಿಯನ್ನು ಹೊರಕ್ಕೆಳೆದೆ. ಮುಳ್ಳು ನಿಂತಿತು.

ಶೆಡ್ಡಿನಲ್ಲಿ ಆಳುಗಳು ಊಟಕ್ಕೆ ಹೋಗಿದ್ದರು. ಮುರುಗೆಪ್ಪ ಒಬ್ಬನೇ ಮೂಲೆಯ ಮೇಜಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದ. ಹಣೆ ತುಂಬ ಹಳದಿ.

"ಬಾ ಬಾ ತಂಗಿ! ಇವತ್ತ ಹಿಯರಿಂಗ್ ಅದ, ನೀ ಇಲ್ಲ್ಯಾಂಗ? ರೊಟ್ಟಿ ತಿನ್ನು, ಪುಂಡಿಪಲ್ಲೆ ಅದ."

"ಹಸಿವಿಲ್ಲ ಅಣ್ಣಾ. ಇದು ನಿಂತು ಬಿಟ್ಟದ ನೋಡು." ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟೆ. "ಅವರದ್ದು ನಿಂತ್ರ ನನಗ ಜೀವಾ ನಿಲ್ಲೂದಿಲ್ಲ, ನಿನಗ ಗೊತ್ತದ."

"ಅಯ್ಯ ಹುಚ್ಚಿ, ಇದಕ್ಕ ಇಷ್ಟು ದೂರ ಬಂದೀ?" ನಕ್ಕ. ಕೈ ತೊಳೆದು ಬಂದು ಡ್ರಾವರು ಎಳೆದ. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಹಳೆಯ ಭೂತಗನ್ನಡಿ, ಸೂಜಿಮೂತಿಯ ಚಿಮಟಿ, ಒಂದು ಸಣ್ಣ ಬ್ರಷ್ಷು. ಬ್ರಷ್ಷಿನ ತುದಿಯಲ್ಲಿ ನಾಲ್ಕೈದು ಕೂದಲು ಮಾತ್ರ ಉಳಿಸಿ ಉಳಿದದ್ದನ್ನು ಕತ್ತರಿಸಿದ್ದ. ಗಡಿಯಾರಕ್ಕೆ ಅಂಥ ಬ್ರಷ್ಷು ಬೇಡ.

ಬೇಡ ಮುರುಗೆಪ್ಪಾ, ಇವತ್ತೊಂದು ದಿನ ಮರೆತುಬಿಡು.

ಅವನು ಮರೆಯಲಿಲ್ಲ. ಅಂಗಿಯ ಕಿಸೆಯಿಂದ ಭಂಡಾರದ ಪುಡಿಕೆ ತೆಗೆದ. ಚಿಮಟಿಯ ತುದಿಗೆ ಚಿಟಿಕೆ ಮುಟ್ಟಿಸಿದ. "ಏಳಕೋಟಿ" ಎಂದು ದೇವರ ಜೈಕಾರ ಬಾಯೊಳಗೇ ಅಂದು, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ ಗಡಿಯಾರಕ್ಕೆ ಕೈ ಹಾಕಿದ.

"ಕಳವಿಗೂ ಅಪ್ಪಣಿ ಕೇಳಿದ್ಯೇನು ಮೈಲಾರಲಿಂಗನ್ನ?"

ಚಿಮಟಿ ಗಾಳಿಯಲ್ಲೇ ನಿಂತಿತು.

"ಏನಂದಿ?"

ಮೊಬೈಲು ತೆಗೆದು ಫೋಟೊ ಅವನ ಮುಂದೆ ಹಿಡಿದೆ. "ಇದು ನಕಲಿ ಪಟ್ಟಿ. ಒಂದನೇ ಮನಿ. ನೇರಳೆ ಬೆಳಕಿನ್ಯಾಗ ಅರಿಶಿಣ ಹಿಂಗ ಹೊಳೀತದ. ಬಾಕಿ ಮೂವತ್ತೊಂದರಾಗ ಇಲ್ಲ. ಕೆಲಸಾ ಚಾಲೂ ಮಾಡೂ ಮುಂದ ಹತ್ಯಾರಕ್ಕ ಭಂಡಾರ ಮುಟ್ಟಸಾಂವ, ಕೂದಲಿನಷ್ಟು ಕಣಾ ಎತ್ತಾಂವ, ವೆಲ್ಡಿಂಗ್ ಕಿಡಿ ಉಡಿಗಟ್ಟಲೆ ಇಟ್ಕೊಂಡಾಂವ. ಪುಣೇದಾಗ ಎಷ್ಟು ಮಂದಿ ಅದಾರ ಹೇಳು ಅಣ್ಣಾ. ನೀನ ಹೇಳು."

"ಅರಿಶಿಣಾ ಎಲ್ಲಾರ ಮನ್ಯಾಗೂ ಇರ್ತದವಾ."

"ಇರ್ತದ. ಚಿಮಟೀಗೆ ಹಚ್ಚೂ ಚಟಾ ಎಲ್ಲಾರಿಗೂ ಇರೂದಿಲ್ಲ."

ಅವನು ಭೂತಗನ್ನಡಿಯನ್ನು ಕಣ್ಣಿಂದ ತೆಗೆದ. ಮೇಜಿನ ಮೇಲಿಡಲು ಹೋಗಿ ಎರಡು ಸಲ ತಪ್ಪಿದ.

"ತೊಟ್ಟಿ ವಾಲ್ವ್ ರಿಪೇರಿ ಅಂತ ಲ್ಯಾಬಿಗೆ ಹ್ವಾದಿ. ಯಾವತ್ತು?"

ಅವನು ಪುಡಿಕೆ ಮಡಚಿ ಕಿಸೆಗಿಟ್ಟ.

"ಸೋಮವತಿ ಅಮಾಸಿ ಮರುದಿನಾ. ಜೇಜುರಿ ಮೈಲಾರನ ಜಾತ್ರಿಯಿಂದ ಬಂದ ಮರುದಿನಾ. ನಾ ಗೇಟಿನ ರಜಿಸ್ಟರ್ ನೋಡೀನಿ ಅಣ್ಣಾ. ನಿನ್ನ ಹೆಸರ ಇತ್ತು ಅಂತ ಆ ಹಾಳೀನ ತಿರುವಿ ಹಾಕಿದ್ದೆ!" ನನ್ನ ದನಿ ಏರಿತು. ಪೊಲೀಸಳ ದನಿಯಲ್ಲ ಅದು, ನಾನೇ ಕೇಳಿರದ ದನಿ.

"ಡ್ರಾವರಕ್ಕ ಕೀಲಿ ಇದ್ದಿಲ್ಲ," ಎಂದ ಮುರುಗೆಪ್ಪ ನೆಲ ನೋಡುತ್ತ. "ಧೂಳ ಯಾರ ಕದೀತಾರ ಅಂತ ಕೀಲೀನ ಹಾಕಿದ್ದಿಲ್ಲ. ಹುಡುಗಿ ಚಾ ತರಾಕ ಹೋಗಿದ್ಲು. ನನಗಂತನ."

"ನಿನಗ ಚಾ ತರಾಕ ಹ್ವಾದಾಕಿ!"

"ಹೂಂ."

"ಯಾಕೋ? ಏನ್ ಕಡಿಮಿ ಆಗಿತ್ತು ನಿನಗ?"

ಹೊರಗೆ ಎಲ್ಲೋ ಕಬ್ಬಿಣ ಕೊಯ್ಯುವ ಸದ್ದು ಕಿವಿ ಕೊರೆಯುತ್ತಿತ್ತು.

"ಕಾಯಂ ಹುದ್ದೆ ಒಂದ ಇತ್ತು ಕೃಷ್ಣಾ. ಮಾಂತು ಆರು ವರ್ಷ ಆ ಥಂಡ್ಯಾಗ ಹಿಮಾ ಕೊಯ್ದಾನ. ಬೆರಳ ನೋಡೀದೇನು ಅವಂದು? ಈಕಿ ಮೂರ ವರ್ಷದಾಗ ಬಂದು ಮ್ಯಾಲ ಕೂತ್ಲು. ಕಟ್ಟಿ ಸಾಹೇಬ್ರ ಬಾಯಾಗ ಬರೇ ಭುವನೇಶ್ವರಿ, ಭುವನೇಶ್ವರಿ."

"ನೀನ ಸೇರಿಸಿದ್ದಿ ಆಕೀನ."

"ಹೂಂ, ನಾನ. ಮಗಳು ಅಂದೆ. ಸುಳ್ಳಲ್ಲ ಅದು." ತಲೆಯೆತ್ತಿದ. ಕಣ್ಣು ಕೆಂಪಾಗಿದ್ದವು. "ಆದ್ರ ಅಂದಕೊಂಡ ಮಗಳು ಒಂದು ತಕ್ಕಡ್ಯಾಗ, ಹೊಟ್ಟ್ಯಾಗ ಹುಟ್ಟಿದ ಮಗಾ ಒಂದು ತಕ್ಕಡ್ಯಾಗ ಕೂತ್ರ, ಯಾವುದು ಜಗ್ತದ ನೀನ ಹೇಳು."

"ಹಂಗಾರ ನಾನೂ ಅಂದಕೊಂಡ ತಂಗೀನ."

ಅದಕ್ಕೆ ಅವನು ಏನೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತು. ಇಲ್ಲ ಎಂದಿದ್ದರೂ ಆಗುತ್ತಿತ್ತು, ಹೌದು ಎಂದಿದ್ದರೂ ಆಗುತ್ತಿತ್ತು. ಇಪ್ಪತ್ತು ಪಂಚಮಿ ಅವನ ಉಂಡಿ ತಿಂದವಳು ನಾನು.

"ನನ್ನ ಯಾಕ ಕರದಿ ಈ ಕೇಸಿಗೆ?"

"ಯಾರರ ಒಬ್ರು ಹುಡಕಾವ್ರ ಇದ್ದ ಇರತಾರ. ನೀ ಆದ್ರ..." ನಿಲ್ಲಿಸಿದ.

"ನಾ ಆದ್ರ ನಿನ್ನ ಕಡೆ ನೋಡೂದಿಲ್ಲ. ಹೌದಲ್ಲೊ?"

ಹೂಂಗುಟ್ಟಿದ. ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಮುಷ್ಟಿ ಕಟ್ಟಿ ಮೇಜಿಗೆ ಒತ್ತಿ ಹಿಡಿದೆ. ಗೋಡೆಯ ಗಡಿಯಾರದಲ್ಲಿ ಮೂರಕ್ಕೆ ಹತ್ತು ನಿಮಿಷವಿತ್ತು.

"ಈಗ ಹೇಳು. ಅಸಲಿ ಪಟ್ಟಿ ಎಲ್ಲೈತಿ? ಇದ್ದದ್ದು ಕೊಟ್ಟುಬಿಡು. ನಾಲ್ಕರೊಳಗ ಕಟ್ಟಿಯವರ ಕೈಗೆ ಮುಟ್ಟಸ್ತೀನಿ. ಹುಡುಗಿ ಉಳೀತಾಳ."

"ಹೊಳ್ಯಾಗ ಒಗೀಬೇಕಂತ ಇಂದ್ರಾಯಣಿ ತನಕಾ ಹ್ವಾದೆ. ಕೈ ಬರಲಿಲ್ಲ ತಂಗಿ. ಆಕಾಶದಿಂದ ಬಿದ್ದದ್ದು, ಲಕ್ಷಾನುಗಟ್ಟಲೆ ವರ್ಷ ಹಿಮದಾಗ ಮಲಗಿದ್ದು. ಅದನ್ನ ನೀರಿಗೆ ಒಗ್ಯೂದು ಹ್ಯಾಂಗ? ದೇವರ ಮುಂದ ಇಟ್ಟೆ."

"ಯಾರ ದೇವರ ಮುಂದ?"

ಅವನು ನನ್ನ ಮುಖ ನೋಡಿದ. ನನ್ನ ಮನೆಯ ದೇವರ ಜಗಲಿ ಕಣ್ಣ ಮುಂದೆ ಬಂತು.

ಮೂರು ವಾರದ ಹಿಂದೆ, ಜೇಜುರಿಯ ಪ್ರಸಾದ ಎಂದು ಮುರುಗೆಪ್ಪ ನನ್ನ ಮನೆಗೆ ಒಂದು ಹಿತ್ತಾಳೆ ಡಬ್ಬಿ ತಂದಿದ್ದ. ಅಂಗೈಯುದ್ದದ ಡಬ್ಬಿ, ತುಂಬ ಭಂಡಾರ. ಮುಚ್ಚಳದ ಮೇಲೆ ಪಾತ್ರೆ ಅಂಗಡಿಯಲ್ಲಿ ಹೆಸರು ಕೆತ್ತಿಸಿದ್ದ: 'ಕೃಷ್ಣಾಬಾಯಿ ಈರಬಸಪ್ಪ ಇವಳಿಗೆ ಅಣ್ಣನಿಂದ.' ದಿನಾ ಅದರ ಮುಂದೆ ದೀಪ ಹಚ್ಚುತ್ತಿದ್ದೆ. ಊರೆಲ್ಲ ಹುಡುಕುತ್ತಿದ್ದ ಕಳವಿನ ಮಾಲಿಗೆ ನಾನು ಎರಡು ಹೊತ್ತು ಕೈ ಮುಗಿದಿದ್ದೆ.

"ಭಂಡಾರದ ಬುಡಕ್ಕ?"

"ಪ್ಲಾಸ್ಟಿಕಿನ್ಯಾಗ ಸುತ್ತಿ ಇಟ್ಟೀನಿ. ಮೊದಲ ಬರೇ ಅಡಗಸೂದ ಮನಸಿನ್ಯಾಗಿತ್ತು. ನಿನ್ನ ಮನಿ ಯಾರ ಹುಡುಕಿ ಝಡತಿ ಮಾಡ್ತಾರ? ಆದ್ರ..."

"ಆದ್ರ ಏನು? ಲಗೂನ ಬೊಗಳು!"

"ಅಸಲಿ ಸಿಗಲಿಲ್ಲ ಅಂದ್ರ ಆಕೀನ ಹೊರಗ ಹಾಕೂದಿಲ್ಲ, ಇದ್ದ ಪುರಾವೆ ಸಾಲೂದಿಲ್ಲ ಅಂತ ಕಟ್ಟಿ ಸಾಹೇಬ್ರು ನಿನ್ನೆ ಮಾಂತು ಮುಂದ ಅಂದ್ರಂತ." ಮುಖ ಮುಚ್ಚಿಕೊಂಡ. "ಮಧ್ಯಾಹ್ನ ಆಕೀಗೆ ಫೋನ್ ಮಾಡಿದ್ದೆ. ಹಿಯರಿಂಗಿಗೆ ಹೋಗೂ ಮುಂದ ಕೃಷ್ಣಕ್ಕನ ಜಗಲಿ ಮ್ಯಾಲಿನ ಭಂಡಾರದ ಡಬ್ಬಿ ಚೀಲದಾಗ ಇಟ್ಕೊಂಡು ಹೋಗು, ದೇವರು ನಿನ್ನ ಹಿಂದ ಇರ್ತಾನ ಅಂದೆ. ಹೂಂ ಕಾಕಾ ಅಂದ್ಲು."

ಹೂಂ ಎನ್ನದೇ ಏನು ಮಾಡಿಯಾಳು? ಕಾಕಾ ಹೇಳಿದಂತೆ ಕೇಳು ಎಂದು ಬೆಳಗ್ಗೆ ಹೇಳಿದವಳು ನಾನು!

ಮೊಬೈಲಿಗೆ ಕೈ ಹಾಕಿದೆ.

"ಮಾಂತುಗ ಏನೂ ಗೊತ್ತಿಲ್ಲ ಕೃಷ್ಣಾ," ಮುರುಗೆಪ್ಪ ನನ್ನ ಕೈ ಹಿಡಿಯಲು ಬಂದ. "ಅವನ್ನ ಎಳೀಬ್ಯಾಡ. ನನ್ನ ಬೇಕಾದ್ರ ಜೇಲಿಗೆ ಹಾಕು. ಹುಡುಗಾ ನಿರ್ಮಳ ಅದಾನ. ಮೈಲಾರಲಿಂಗನ ಆಣಿ!"

ಕೈ ಕೊಡವಿ ಭುವನೇಶ್ವರಿಯ ನಂಬರ್ ಒತ್ತಿದೆ. ಇನ್ನೂ ಒಂದು ಗಂಟೆ ಇದೆ. ದಾರಿಯಲ್ಲಿದ್ದರೆ ಡಬ್ಬಿ ತೆಗೆದು ಸಾಬವ್ವನ ಕೈಗೆ ಕೊಡು, ಗೇಟು ದಾಟಬೇಡ ಎಂದು ಹೇಳಿದರೆ ಸಾಕು.

ಫೋನು ಎತ್ತಿದವಳು ಸಾಬವ್ವ.

"ಅಕ್ಕಾರ, ನಾವು ಮೊದಲೇ ಬಂದೀವ್ರಿ. ತಡಾ ಆಗಬಾರ್ದು ಅಂತ ಅವಸರಾ ಮಾಡಿದ್ಳು. ಹಿಯರಿಂಗಿಗೆ ಫೋನ್ ಬಿಡಲ್ಲಂತ, ನನ್ನ ಕೈಯಾಗ ಕೊಟ್ಟಾಳ."

"ಭುವನೇಶ್ವರಿ ಎಲ್ಲಿ? ಒಳಗ ಹ್ವಾದ್ಳೇನು?"

"ಇಲ್ರಿ, ಗೇಟಿನ್ಯಾಗ ನಿಂತಾಳ. ಚೀಲಾ ನೋಡ್ಲಾಕತ್ತಾರ್ರಿ."

"ಸಾಬವ್ವಾ, ಆಕೀನ ಹೊರಗ ಕರಿ. ಈಗಿಂದೀಗ! ಚೀಲಾ ತಗೊಂಡು ಹೊರಗ ಬಾ ಅನ್ನು!"

"ಹ್ಯಾಂಗ ಬರ್ತಾಳ್ರಿ? ವಾಚಮನ್ ಬರೇ ಮ್ಯಾಲ ಮ್ಯಾಲ ನೋಡಿ ಬಿಟ್ಟಿದ್ದ. ಮಾಂತುನೇ ಓಡಿ ಬಂದು ತರುಬಿದ ನೋಡ್ರಿ. 'ಆಕೀ ಚೀಲದಾಗ ಹಿತ್ತಾಳಿ ಡಬ್ಬಿ ಅದ, ಮೊದಲ ಅದನ್ನ ತೆಗಿಸ್ರಿ' ಅಂತ ಮರಾಠಿದಾಗ ಒದರ್ಲಾಕತ್ತಾನ."

ಫೋನಿನ ಸದ್ದು ಶೆಡ್ಡಿನಲ್ಲಿ ಸ್ಪಷ್ಟವಾಗಿ ಕೇಳುತ್ತಿತ್ತು. ಮುರುಗೆಪ್ಪ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಆಣೆ ಹಾಕಿದ ಬಾಯಿ ತೆರೆದೇ ಇತ್ತು.

"ನಾ ಅವಗ ಹೇಳಿಲ್ಲ," ಎಂದ. "ಡಬ್ಬೀದು ನಾ ಅವಗ ಹೇಳೇ ಇಲ್ಲ. ಅವಗ ಹ್ಯಾಂಗ ಗೊತ್ತಾತು? ಕೃಷ್ಣಾ, ಅವಗ ಹ್ಯಾಂಗ ಗೊತ್ತಾತು?"

ಅತ್ತ ಗದ್ದಲ. ಕಟ್ಟಿಯವರ ದನಿ ಕೇಳಿದ ಹಾಗಾಯಿತು. ಮತ್ತೆ ಸಾಬವ್ವ ಬಂದಳು. ಈಗ ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ, ಸಿಟ್ಟಿತ್ತು. ನನ್ನ ಮೇಲೆ ಪೂರ್ತಿ ಭರವಸೆ ಇಟ್ಟವಳ ಸಿಟ್ಟು ಅದು.

"ನೋಡ್ರಿ ಅಕ್ಕಾರ, ದೇವರ ಡಬ್ಬಿ ಮುಟ್ಟಬ್ಯಾಡ್ರಿ ಅಂದ್ರ ಕೇಳವಲ್ರು. ಮುಚ್ಚಳದ ಮ್ಯಾಲ ಕೃಷ್ಣಾಬಾಯಿ ಅಂತ ಬರದದ, ಆಕೀನ ಕೇಳ್ತೀವಿ ಅಂತಾರ. ಕೇಳ್ರಿ ಅಂದೀನಿ, ನಮ್ಮ ಅಕ್ಕಾರು ಸುಳ್ಳ ಹೇಳಲ್ಲ ಅಂದೀನಿ. ಫೋನ್ ದೊಡ್ಡದು ಮಾಡೀನಿ, ಎಲ್ಲಾರೂ ಕೇಳ್ಲಾಕತ್ತಾರ. ಹೇಳ್ರಿ ಇವ್ರಿಗಿ. ಇದು ನಿಮ್ಮ ಡಬ್ಬೀನೇ ಹೌದಲ್ರಿ? ಇದರಾಗ ಭಂಡಾರ ಬಿಟ್ರ ಮತ್ತೇನೂ ಇಲ್ಲ ಅಲ್ರಿ?"